ಬೀಡಿಂಗ್ ಕೆಳಗಿನ ತುಕ್ಕು: ಮತ್ತೀಕೆರೆಯ ಒಂದು ಪದ್ಮಿನಿಗೆ ಮರುಬಣ್ಣ

ಕಾರು 1986ರ ಪ್ರೀಮಿಯರ್ ಪದ್ಮಿನಿ. ಮನೆ ಬೆಂಗಳೂರಿನ ಮತ್ತೀಕೆರೆ. ಮಾಲೀಕರು ಎಚ್‌ಎಂಟಿ ಟೂಲ್‌ರೂಮ್‌ನಲ್ಲಿ ದುಡಿದು ನಿವೃತ್ತರಾದವರು. ಕಾರಿಗೆ ಪೂರ್ತಿ ಬಣ್ಣ ಹೊಡೆಸಿ ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ಬಾನೆಟ್ ಮೇಲೆ, ಟಾಪ್ ಮೇಲೆ ಬಣ್ಣ ಚೆನ್ನಾಗೇ ಇತ್ತು. ಹಾಳಾಗಿದ್ದು ಅಂಚುಗಳಲ್ಲಿ. ಬಾಗಿಲುಗಳ ಉದ್ದಕ್ಕೂ ಓಡುವ ಅಲಂಕಾರದ ಸ್ಟೀಲ್ ಪಟ್ಟಿ, ಅಂದರೆ ಬೀಡಿಂಗ್‌ನ ಮೇಲಂಚಿನಲ್ಲಿ ಬಣ್ಣ ಸಿಪ್ಪೆ ಏಳುತ್ತಿತ್ತು. ಹ್ಯಾಂಡಲ್ ಸುತ್ತ ಗುಳ್ಳೆ. ಮುಂದಿನ ಗಾಜಿನ ರಬ್ಬರ್‌ನ ಕೆಳಮೂಲೆಯಿಂದ ಕಂದು ನೀರಿನ ಗೆರೆ. ಡಿಕ್ಕಿಯ ಮೇಲೆ ಕಾರಿನ ಹೆಸರಿರುವ ಮಾನೋಗ್ರಾಮ್ ಕೆಳಗೂ ಅದೇ ಕಥೆ. ಹಾಳಾದ ಜಾಗಗಳಿಗೆಲ್ಲ ಒಂದೊಂದು ಚುಕ್ಕಿ ಇಟ್ಟರೆ ಕಾರಿಗೆ ಎಲ್ಲೆಲ್ಲಿ ಏನೇನು ಜೋಡಿಸಿದ್ದಾರೆ ಅನ್ನುವ ನಕ್ಷೆಯೇ ಸಿಗುತ್ತಿತ್ತು.

ಹಿಂದಿನ ಸಲ ಬಣ್ಣ ಹೊಡೆದವರು ಏನನ್ನೂ ಬಿಚ್ಚಿರಲಿಲ್ಲ. ಟೇಪ್ ಅಂಟಿಸಿ, ನ್ಯೂಸ್‌ಪೇಪರ್ ಸುತ್ತಿ, ಸ್ಪ್ರೇ ಗನ್ ಹಿಡಿದಿದ್ದರು.

ಹಾಗೆ ಮಾಡಿದಾಗ ಆಗುವುದು ಇಷ್ಟು. ಉಜ್ಜುವವನ ಎಮರಿ ಪೇಪರ್ ಬೀಡಿಂಗ್‌ನ ಅಂಚಿನವರೆಗೆ ಹೋಗುತ್ತದೆ, ಅದರ ಕೆಳಗೆ ಹೋಗುವುದಿಲ್ಲ. ಕೊನೆಯ ಎರಡು ಮೂರು ಮಿಲಿಮೀಟರ್ ಹಳೆ ಬಣ್ಣ ಹೊಳಪಾಗೇ ಉಳಿಯುತ್ತದೆ. ಅಲ್ಲಿ ವರ್ಷಗಟ್ಟಲೆಯ ಪಾಲಿಶ್, ಜಿಡ್ಡು, ಧೂಳು ಕೂತಿರುತ್ತದೆ. ಹೊಸ ಬಣ್ಣ ಅದರ ಮೇಲೆ ಸುಮ್ನೆ ಕೂರುತ್ತದೆ, ಹಿಡಿಯುವುದಿಲ್ಲ. ಟೇಪ್ ಕಿತ್ತ ಮೇಲೆ ಬಣ್ಣದ ಅಂಚಿಗೂ ಬೀಡಿಂಗ್‌ಗೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಸಂದಿ ಸಣ್ಣದಾದಷ್ಟೂ ನೀರನ್ನು ಒಳಗೆಳೆದುಕೊಳ್ಳುವುದು ಜಾಸ್ತಿ, ಆರುವುದು ನಿಧಾನ. ಇದರ ಮೇಲೆ ಇನ್ನೊಂದು ಉಪದ್ರವ ಇದೆ. ಸ್ಟೇನ್‌ಲೆಸ್ ಸ್ಟೀಲ್ ಮತ್ತು ಸಾದಾ ಉಕ್ಕಿನ ತಗಡು ಒದ್ದೆಯಲ್ಲಿ ತಾಗಿಕೊಂಡಿದ್ದರೆ ತುಕ್ಕು ತಗಡಿಗೇ ಬೇಗ ಹಿಡಿಯುತ್ತದೆ. ಮೇಲೆ ಬೀಡಿಂಗ್ ಪಳಪಳ ಹೊಳೆಯುತ್ತಿರುತ್ತದೆ, ಕೆಳಗೆ ಕ್ಲಿಪ್ಪಿನ ತೂತು ಅಗಲವಾಗುತ್ತಿರುತ್ತದೆ.

ಈಗಲೇ ಮಾಡಿಸಬೇಕು ಅನ್ನುವ ಆತುರಕ್ಕೂ ಕಾರಣ ಇತ್ತು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಗಾಡಿಯನ್ನು ಆರ್‌ಟಿಒಗೆ ಒಯ್ದು ತೋರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಆ ಹೊತ್ತು ಹತ್ತಿರ ಬಂದಿತ್ತು. ಮನೆಯಲ್ಲಿ ಮೊಮ್ಮಗನಿಗೆ ಕಡು ಹಸಿರು ಬಣ್ಣದ ಆಸೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು. ಅದು ಹೋಗಲಿ, ಬಾಗಿಲಿನ ಒಳಚೌಕಟ್ಟು, ಡಿಕ್ಕಿಯ ಒಳಗು, ಬಾನೆಟ್‌ನ ಅಡಿ, ಎಲ್ಲಕ್ಕೂ ಹೊಸ ಬಣ್ಣ ಹೋಗಬೇಕು. ಅಷ್ಟು ದುಡ್ಡನ್ನು ತುಕ್ಕಿನ ಮೇಲೆ ಹಾಕುವುದೇ ವಾಸಿ ಅಂತ ತಾತ ತೀರ್ಮಾನಿಸಿದರು. ಮೊದಲಿನ ಕ್ರೀಮ್ ಬಣ್ಣವೇ ಉಳಿಯಿತು.

ಯಾವುದು ಬಿಚ್ಚುವುದು, ಯಾವುದು ಬಿಡುವುದು

ಯಶವಂತಪುರದ ಕಡೆ ಒಂದು ಶೆಡ್. ಬಣ್ಣ ಹೊಡೆಯುವ ಮುಚ್ಚಿದ ಕೋಣೆ (ಬೂತ್) ಇಲ್ಲ, ಮೇಲೆ ಶೀಟು, ಮೂರು ಕಡೆ ಗೋಡೆ, ಒಂದು ಕಂಪ್ರೆಸರ್. ಪೇಂಟರ್ ಮೇಸ್ತ್ರಿ ಹಳಬರು, ಕೈ ಪಳಗಿದವರು. ಆದರೆ ಬಿಚ್ಚುವ ಮಾತು ಬಂದ ಕೂಡಲೇ ಅವರ ಮುಖ ಸಪ್ಪಗಾಯಿತು.

"ಸಾರ್, ಬಿಚ್ಚೋದು ಯಾರಾದ್ರೂ ಬಿಚ್ತಾರೆ. ಕ್ಲಿಪ್ ಮುರಿದ್ರೆ ಎಲ್ಲಿಂದ ತರೋದು? ಇದು ಮಾರುತಿ ಅಲ್ಲ."

"ಕ್ಲಿಪ್ ನನಗೆ ಬಿಡಿ ಮೇಸ್ತ್ರಿ. ನೀವು ಬಣ್ಣ ನೋಡ್ಕೊಳ್ಳಿ."

ಮೇಸ್ತ್ರಿಯ ಭಯ ಸುಳ್ಳಲ್ಲ. ಈ ಕಾರು ಫಿಯಟ್ 1100 ಡಿಲೈಟ್ ಅಂತ ಬಂದು, ಪ್ರೆಸಿಡೆಂಟ್ ಆಗಿ, 1974ರಿಂದ ಪದ್ಮಿನಿ ಆಯಿತು. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿತ್ತು. ತಯಾರಿ ನಿಂತು ಎರಡು ದಶಕಕ್ಕೂ ಜಾಸ್ತಿ ಆಯಿತು. ಕಂಪನಿಯ ಕ್ಲಿಪ್ಪು, ರಬ್ಬರ್ ಈಗ ಅದೃಷ್ಟವಿದ್ದರೆ ಸಿಗುವ ಸಾಮಾನು. ಮಾರುಕಟ್ಟೆಯಲ್ಲಿ ಸಿಗುವ ನಕಲಿ ಗಾಜಿನ ರಬ್ಬರ್‌ಗಳಲ್ಲಿ ಕೆಲವು ಮೂಲೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಕೆಲವು ಒಂದೆರಡು ಬೇಸಿಗೆಗೇ ಗಟ್ಟಿಯಾಗುತ್ತವೆ. ಹಾಗಾಗಿ 'ಎಲ್ಲಾ ಬಿಚ್ಚಿ' ಅನ್ನುವುದೂ ಜಾಣತನ ಅಲ್ಲ, 'ಏನೂ ಬಿಚ್ಚಬೇಡಿ' ಅನ್ನುವುದೂ ಅಲ್ಲ. ಒಂದೊಂದು ಸಾಮಾನಿನ ಮುಂದೆ ನಿಂತು ಎರಡು ಪ್ರಶ್ನೆ ಕೇಳಬೇಕು. ಇದರ ಕೆಳಗೆ ತುಕ್ಕು ಇದೆಯಾ? ಇದು ಮುರಿದರೆ ಬೇರೆ ಸಿಗುತ್ತದಾ?

ತಾತ ಹಾಗೇ ಮಾಡಿದರು. ಬೀಡಿಂಗ್, ಬಾಗಿಲ ಹ್ಯಾಂಡಲ್, ಗ್ರಿಲ್, ಹೆಡ್‌ಲೈಟ್ ರಿಂಗ್, ಟೇಲ್ ಲ್ಯಾಂಪ್, ವೈಪರ್, ಕನ್ನಡಿ, ಎರಡೂ ಬಂಪರ್, ಇವೆಲ್ಲ ಬರಬೇಕು ಅಂತಾಯಿತು. ಇವುಗಳಲ್ಲಿ ಹೆಚ್ಚಿನವು ನಟ್ಟು, ಸ್ಕ್ರೂಗಳಲ್ಲಿ ನಿಂತಿರುವಂಥವು. ಮುಂದಿನ ಗಾಜೂ ಹೊರಗೆ, ಏಕೆಂದರೆ ಮೂಲೆಯಲ್ಲಿ ತುಕ್ಕು ಕಣ್ಣಿಗೆ ಕಾಣುತ್ತಿದೆ. ಹಿಂದಿನ ಗಾಜಿನ ಬಗ್ಗೆ ಸ್ವಲ್ಪ ಜಟಾಪಟಿ ನಡೆಯಿತು. ತಾತನಿಗೆ ಅದನ್ನೂ ತೆಗೆಯುವ ಮನಸ್ಸು. ಮೇಸ್ತ್ರಿ ರಬ್ಬರ್‌ನ ತುಟಿಯನ್ನು ಉಗುರಲ್ಲಿ ಎತ್ತಿ ತೋರಿಸಿದರು. ಕೆಳಗೆ ಕಂಪನಿಯ ಬಣ್ಣ ಹಾಗೇ ಇತ್ತು, ತುಕ್ಕಿನ ಕಲೆಯೂ ಇಲ್ಲ. ರಬ್ಬರ್ ಮೂಲದ್ದು, ಇನ್ನೂ ಮೆತ್ತಗಿದೆ. ಅದನ್ನು ಕಿತ್ತು ನಕಲಿ ಹಾಕಿದರೆ ಇಲ್ಲದ ಸೋರಿಕೆಯನ್ನು ಕರೆದು ತಂದ ಹಾಗೆ. ಇಲ್ಲಿ ಮೇಸ್ತ್ರಿ ಹೇಳಿದ್ದೇ ಸರಿ ಅಂತ ನನಗನ್ನಿಸಿತು, ತಾತನೂ ಒಪ್ಪಿದರು. ಮುಂದಿನ ಬಾಗಿಲುಗಳ ತ್ರಿಕೋನ ಗಾಜನ್ನೂ ಮುಟ್ಟಬಾರದು ಅಂತಾಯಿತು. ಅದರ ರಬ್ಬರ್ ಬಿಸ್ಕತ್ತಿನಷ್ಟು ಗರಿಗರಿ, ಬೆರಳಿಟ್ಟರೆ ಪುಡಿ ಉದುರುತ್ತಿತ್ತು. ಬದಲಿ ಎಲ್ಲೂ ಸಿಕ್ಕಿರಲಿಲ್ಲ.

ಲೋಹ ಯಾವುದು ಅಂತ ಮೊದಲೇ ಗೊತ್ತಿರಬೇಕು, ಏಕೆಂದರೆ ಪಾಲಿಶ್ ಮಾಡುವ ಕ್ರಮ ಅದರ ಮೇಲೆ ನಿಂತಿದೆ. ಜನ ಮ್ಯಾಗ್ನೆಟ್ ಇಟ್ಟು ನೋಡುತ್ತಾರೆ. ಅಂಟಿದರೆ ಕ್ರೋಮ್ ಹಾಕಿದ ಕಬ್ಬಿಣ, ಅಂಟದಿದ್ದರೆ ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂ ಅಂತ ಲೆಕ್ಕ. ಈ ಲೆಕ್ಕ ಪೂರ್ತಿ ಸರಿಯಲ್ಲ. ಇಂಥ ಪಟ್ಟಿಗಳಿಗೆ ಬಳಸುವ 430 ದರ್ಜೆಯ ಸ್ಟೇನ್‌ಲೆಸ್‌ಗೂ ಮ್ಯಾಗ್ನೆಟ್ ಅಂಟುತ್ತದೆ. ಪಟ್ಟಿಯ ಹಿಂಭಾಗ ನೋಡಿದರೆ ಗೊತ್ತಾಗುತ್ತದೆ. ಕ್ರೋಮ್ ಹಾಕಿದ ಕಬ್ಬಿಣದ ಬೆನ್ನು ತುಕ್ಕಾಗಿರುತ್ತದೆ, ಸ್ಟೇನ್‌ಲೆಸ್‌ನ ಬೆನ್ನು ಮಾಸಿರುತ್ತದೆ ಅಷ್ಟೆ. ಅಲ್ಯೂಮಿನಿಯಂ ಪಟ್ಟಿ ಇದ್ದವರು ಇನ್ನೊಂದು ವಿಷಯ ನೆನಪಿಡಬೇಕು. ಅದರ ಹೊಳಪು ಆನೋಡೈಸ್ ಮಾಡಿದ, ಅಂದರೆ ವಿದ್ಯುತ್ ಹಾಯಿಸಿ ಬೆಳೆಸಿದ, ಪದರದ್ದು. ಬಫ್ ಚಕ್ರಕ್ಕೆ ಕೊಟ್ಟರೆ ಪದರ ಹೋಗುತ್ತದೆ, ಸ್ವಲ್ಪ ದಿನಕ್ಕೇ ಮಂಕಾಗುತ್ತದೆ.

ಬಿಚ್ಚಿದಾಗ ಕಂಡಿದ್ದು

ಹಿಂದಿನ ಸಂಜೆಯೇ ಎಲ್ಲ ನಟ್ಟು, ಸ್ಕ್ರೂಗಳಿಗೆ ಡಬ್ಲ್ಯುಡಿ-40 ಹೊಡೆದು ನೆನೆಯಲು ಬಿಟ್ಟರು. ಬಾಗಿಲ ಒಳಮೈಯ ಹೊದಿಕೆಗಳನ್ನು (ಪ್ಯಾಡ್) ತೆಗೆದರು. ಬೀಡಿಂಗ್‌ನ ತುದಿಗಳಲ್ಲಿ ಬೋಲ್ಟ್ ಇರುವ ಕ್ಲಿಪ್ಪು, ನಡುವೆ ಸ್ಪ್ರಿಂಗ್ ಕ್ಲಿಪ್ಪು. ನಟ್ಟು ಇರುವುದು ಬಾಗಿಲಿನ ಒಳಗೆ. ಇದು ಗೊತ್ತಿಲ್ಲದೆ ಹೊರಗಿನಿಂದ ಸ್ಕ್ರೂಡ್ರೈವರ್ ಹಾಕಿ ಮೀಟುವವರೇ ಜಾಸ್ತಿ. ಪಟ್ಟಿಯೂ ಹಾಳು, ತಗಡೂ ಹಾಳು.

ತಾತ ಮೀಟುವುದಕ್ಕೆ ಬಿದಿರಿನ ಚಪ್ಪಟೆ ಬೆಣೆಗಳನ್ನು ಸವರಿಕೊಂಡು ಬಂದಿದ್ದರು, ಒಂದು ತುದಿ ಕಾಗದದಷ್ಟು ತೆಳ್ಳಗೆ. ಬೀಡಿಂಗ್‌ನ ಮೇಲೆ ಕೆಳಗೆ ತಗಡಿಗೆ ಎರಡು ಸುತ್ತು ಟೇಪ್. ಬೆಣೆಯನ್ನು ಕ್ಲಿಪ್ ಇರುವ ಜಾಗಕ್ಕೇ ಸರಿಸಿ ನಿಧಾನಕ್ಕೆ ತಿರುವಿದರೆ 'ಟಿಕ್' ಅಂತ ಒಂದು ಸದ್ದು. ಅಲ್ಲಿಗೆ ಆ ಕ್ಲಿಪ್ ಬಿಟ್ಟಿತು ಅಂತ ಅರ್ಥ. ಮುಂದಿನ ಕ್ಲಿಪ್‌ಗೆ ಹೋಗುವ ಮುಂಚೆ ಇನ್ನೊಬ್ಬರು ಪಟ್ಟಿಯನ್ನು ಅಂಗೈಯಲ್ಲಿ ಹಿಡಿದುಕೊಳ್ಳಬೇಕು, ಜೋತು ಬೀಳಗೊಡಬಾರದು. ಒಂದು ತುದಿ ಹಿಡಿದು ಎಳೆದರೆ ಪಟ್ಟಿ ಬಾಗುತ್ತದೆ. ಒಮ್ಮೆ ಮಡಿಕೆ ಬಿದ್ದ ಸ್ಟೇನ್‌ಲೆಸ್ ಪಟ್ಟಿಯನ್ನು ಎಷ್ಟೇ ನೆಟ್ಟಗೆ ಮಾಡಿದರೂ ಬಿಸಿಲಲ್ಲಿ ಆ ಜಾಗ ಕಾಣಿಸಿಯೇ ಕಾಣಿಸುತ್ತದೆ. ಬಿಚ್ಚಿದ ಪಟ್ಟಿಗಳನ್ನು ಮರದ ರೀಪರ್‌ಗೆ ಬಟ್ಟೆ ಸುತ್ತಿ ಕಟ್ಟಿಟ್ಟರು.

ಸ್ಕ್ರೂಗಳ ವಿಷಯದಲ್ಲಿ ಮೊಬೈಲ್ ಫೋಟೋ ಇದ್ದರೆ ಸಾಕು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಫೋಟೋದಲ್ಲಿ ಸ್ಕ್ರೂವಿನ ಮಂಡೆ ಕಾಣುತ್ತದೆ, ಉದ್ದ ಕಾಣುವುದಿಲ್ಲ. ಚಿಕ್ಕ ಸ್ಕ್ರೂವಿನ ಜಾಗಕ್ಕೆ ಉದ್ದದ್ದು ಹೋದರೆ ಅದು ಒಳಗೆ ಏರಿಳಿಯುವ ಗಾಜಿಗೆ ತಾಗಬಹುದು. ತಾತ ರಟ್ಟಿನ ಮೇಲೆ ಗ್ರಿಲ್, ಬಾಗಿಲು, ಟೇಲ್ ಲ್ಯಾಂಪ್‌ಗಳ ಚಿತ್ರ ಗೀಚಿ, ಬಂದ ಸ್ಕ್ರೂವನ್ನು ಬಂದ ಜಾಗದಲ್ಲೇ ಚುಚ್ಚಿಟ್ಟರು. ಎಡ, ಬಲ ಬೇರೆ ಬೇರೆ ರಟ್ಟು. ಎಡಗಡೆಯ ಹ್ಯಾಂಡಲ್ ಬಲಕ್ಕೆ ಕೂರುವುದಿಲ್ಲ, ಸರಿ. ಎಡಗಡೆಯ ಬೀಡಿಂಗ್ ಮಾತ್ರ ಬಲಕ್ಕೆ ಕೂತ ಹಾಗೇ ಕಾಣುತ್ತದೆ, ತುದಿಯಲ್ಲಿ ಒಂದು ಕೂದಲು ವ್ಯತ್ಯಾಸ ಬರುತ್ತದೆ.

ಗ್ರಿಲ್ ಹೊರಗೆ ಬಂದಾಗ ಅದರ ಹಿಂದೆ ಒಣಗಿ ಕಪ್ಪಾದ ಚೆಂಡುಹೂವಿನ ಎಸಳು, ಗಟ್ಟಿಯಾದ ಕುಂಕುಮದ ಹೆಂಟೆ. ವರ್ಷ ವರ್ಷದ ಆಯುಧಪೂಜೆಯ ಬಾಕಿ. ಮಳೆಗಾಲದಲ್ಲಿ ಅದೆಲ್ಲ ನೀರು ಕುಡಿದು ಅಲ್ಲೇ ಕೂತಿತ್ತು. ಕೆಳಗಿನ ತಗಡು ಅಷ್ಟಗಲ ತುಕ್ಕು. ಹಾರ ಹಾಕಬೇಡಿ ಅಂತ ಯಾರಿಗೂ ಹೇಳುವುದಿಲ್ಲ, ಹಬ್ಬ ಮುಗಿದ ಮೇಲೆ ಗ್ರಿಲ್‌ಗೆ ಒಮ್ಮೆ ನೀರಿನ ಪೈಪ್ ಹಿಡಿಯಿರಿ.

ಹ್ಯಾಂಡಲ್‌ಗಳ ಅಡಿಯಲ್ಲಿ ಇರಬೇಕಿದ್ದ ತೆಳು ರಬ್ಬರ್ ಪ್ಯಾಡ್ ನಾಲ್ಕರಲ್ಲೂ ಕರಗಿ ಹೋಗಿತ್ತು. ಲೋಹಕ್ಕೆ ಲೋಹ ಉಜ್ಜಿ ಬಣ್ಣ ಹೋಗಿ, ಅಲ್ಲಿಂದ ಗುಳ್ಳೆ ಶುರುವಾಗಿತ್ತು. ಇನ್ನು ಬೀಡಿಂಗ್ ಕೆಳಗೆ ಪೂರ್ತಿ ಒಂದು ಗೆರೆ. ಮೇಲೆ ಈಗಿನ ಕ್ರೀಮ್, ನಡುವೆ ಹಳೇ ಕ್ರೀಮ್, ಅದರ ನಡುವೆ ಒಂದೊಂದು ಕ್ಲಿಪ್ಪಿಗೂ ಒಂದೊಂದು ಕಂದು ಉಂಗುರ. ಹಿಂದಿನ ಬಣ್ಣದ ಅಂಚನ್ನು ಉಗುರಲ್ಲಿ ಎತ್ತಿದರೆ ಉದ್ದಕ್ಕೆ ರಿಬ್ಬನ್ ಆಗಿ ಬಂತು. ಮೇಸ್ತ್ರಿ ಅದನ್ನು ಎಳೆಯುತ್ತಾ ಏನೂ ಮಾತಾಡಲಿಲ್ಲ.

ತೂತುಗಳು

ಮರುಬಣ್ಣದ ಆಯಸ್ಸು ಈ ತೂತುಗಳಲ್ಲಿದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ಶೆಡ್‌ಗಳಲ್ಲಿ ಅತಿ ಕಡಿಮೆ ಹೊತ್ತು ಸಿಗುವುದೂ ಇವಕ್ಕೇ.

ತಾತ ಮೊದಲು ಅಳತೆ ಮಾಡಿದರು. ಅಳತೆಗೆ ಅವರು ಬಳಸಿದ್ದು ಡ್ರಿಲ್ ಬಿಟ್‌ಗಳ ಹಿಂಬದಿಯ ನುಣುಪಾದ ದಂಟು. ಚೆನ್ನಾಗಿರುವ ತೂತಿಗೆ 6 ಮಿ.ಮೀ. ದಂಟು ಸರಿಯಾಗಿ ಹೋಯಿತು. ಕೆಲವಕ್ಕೆ 7 ಹೋಯಿತು. ಹಿಂದಿನ ಎಡ ಬಾಗಿಲಿನಲ್ಲಿ 8 ಕೂಡ ಸಡಿಲ, ತೂತು ಮೊಟ್ಟೆಯಾಕಾರಕ್ಕೆ ಬಂದಿತ್ತು. ಚಾಕ್‌ಪೀಸ್‌ನಲ್ಲಿ ಒಂದೊಂದರ ಪಕ್ಕ ಅಂಕಿ ಬರೆದರು. ಆರು ಇದ್ದಲ್ಲಿ ವೈರ್ ಬ್ರಷ್, ಫಾಸ್ಫಾರಿಕ್ ಆಮ್ಲದ ತುಕ್ಕು ದ್ರಾವಣ, ಆಮೇಲೆ ಚೆನ್ನಾಗಿ ಒರೆಸಿ ಪ್ರೈಮರ್. ಏಳು ಇದ್ದಲ್ಲಿ ಅದೇ ಕೆಲಸ, ಜೊತೆಗೆ ಸ್ವಲ್ಪ ದಪ್ಪ ಕ್ಲಿಪ್. ಎಂಟು ಇದ್ದಲ್ಲಿ ತೂತು ಮುಚ್ಚಿ ಹೊಸದು ಕೊರೆಯಲೇಬೇಕು.

ಮುಚ್ಚುವುದಕ್ಕೆ ಬಾಡಿ ಫಿಲ್ಲರ್ ಮೆತ್ತುವ ಚಾಳಿ ಇದೆ. ಅದರಲ್ಲಿ ಕ್ಲಿಪ್ ನಿಲ್ಲುವುದಿಲ್ಲ, ಜೊತೆಗೆ ಅದು ತೇವ ಹಿಡಿದುಕೊಳ್ಳುತ್ತದೆ. ಇಲ್ಲಿ ತಗಡಿನ ಕೆಲಸದ ಟಿಂಕರ್ ಕರೆಸಿ ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗ್ ಮಾಡಿಸಿದರು. ತೂತಿನ ಹಿಂದೆ ತಾಮ್ರದ ಸಣ್ಣ ಪಟ್ಟಿ ಒತ್ತಿ ಹಿಡಿದು, ಮುಂದಿನಿಂದ ಚುಕ್ಕಿ ಚುಕ್ಕಿಯಾಗಿ ತುಂಬುವುದು. ತಾಮ್ರಕ್ಕೆ ಉಕ್ಕಿನ ಬೆಸುಗೆ ಅಂಟುವುದಿಲ್ಲ, ಬಿಸಿಯನ್ನೂ ಅದು ಎಳೆದುಕೊಳ್ಳುತ್ತದೆ. ಒಂದು ಚುಕ್ಕಿ ಹಾಕಿ, ತಗಡು ಆರುವವರೆಗೆ ಇನ್ನೊಂದು ತೂತಿಗೆ ಹೋಗಬೇಕು. ಒಂದೇ ಕಡೆ ಬಿಸಿ ಮಾಡಿದರೆ ಬಾಗಿಲಿನ ತೆಳು ತಗಡು ಸೊಟ್ಟಗಾಗುತ್ತದೆ. ಆಮೇಲೆ ಅದನ್ನು ಸರಿಮಾಡಲು ಪುಟ್ಟಿ ಮೇಲೆ ಪುಟ್ಟಿ.

ಎಲ್ಲ ತೂತುಗಳ ಒಳಬಾಯಿಗೆ ಎಪಾಕ್ಸಿ ಪ್ರೈಮರ್ ಅನ್ನು ಮಕ್ಕಳ ಡ್ರಾಯಿಂಗ್ ಬ್ರಷ್‌ನಲ್ಲಿ ಹಚ್ಚಿದರು. ಸ್ಪ್ರೇ ಗನ್ ತಗಡಿನ ಮುಖಕ್ಕೆ ಬಣ್ಣ ಕೊಡುತ್ತದೆ, ತೂತಿನ ಕತ್ತರಿಸಿದ ಅಂಚಿಗೆ ಕೊಡುವುದು ಅಷ್ಟಕ್ಕಷ್ಟೆ. ತುಕ್ಕು ಶುರುವಾಗುವುದು ಅಲ್ಲೇ.

ಕ್ಲಿಪ್‌ಗಾಗಿ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿದ್ದಾಯಿತು. ಪದ್ಮಿನಿಯದ್ದು ಅಂತ ಕೇಳಿದರೆ ಅಂಗಡಿಯವರು ತಲೆ ಆಡಿಸಿ ಕಳಿಸುತ್ತಾರೆ. ತಾತ ಹಾಗೆ ಕೇಳಲೇ ಇಲ್ಲ. ಪಟ್ಟಿಯ ಒಂದು ತುಂಡು, ಒಂದು ಹಳೇ ಕ್ಲಿಪ್, 6 ಮಿ.ಮೀ. ತೂತು ಕೊರೆದ ತಗಡಿನ ಚೂರು, ಇಷ್ಟನ್ನು ಜೇಬಿನಿಂದ ತೆಗೆದು ಕೌಂಟರ್ ಮೇಲಿಟ್ಟು, "ಇದರಲ್ಲಿ ಕೂರೋದು ಯಾವುದಿದ್ರೂ ಕೊಡಿ" ಅಂದರು. ಬೇರೆ ಕಾರಿನ ನೈಲಾನ್ ಕ್ಲಿಪ್ ಒಂದು ಹೊಂದಿತು. ತಲೆ ಸ್ವಲ್ಪ ಅಗಲ ಇತ್ತು, ಮನೆಯಲ್ಲಿ ಫೈಲ್ ಹಾಕಿ ಸವೆಸಿಕೊಂಡರು. ನೈಲಾನ್‌ನಿಂದ ಒಂದು ಲಾಭವೂ ಆಯಿತು. ಸ್ಟೇನ್‌ಲೆಸ್ ಪಟ್ಟಿಗೂ ತಗಡಿಗೂ ನಡುವೆ ಈಗ ಲೋಹದ ಸಂಪರ್ಕ ತಪ್ಪಿತು. ತುದಿಯ ಬೋಲ್ಟ್ ಕ್ಲಿಪ್‌ಗಳಿಗೆ ಮಾತ್ರ ಹಳೆಯವನ್ನೇ ಸತುವಿನ ಲೇಪ ಹಾಕಿಸಿ ಬಳಸಿದರು.

ಬಂಪರ್‌ಗಳು ಪೀಣ್ಯಕ್ಕೆ ಕ್ರೋಮ್ ಹಾಕಿಸಲು ಹೋದವು. ಕ್ರೋಮ್ ಅಂತ ನಾವು ಕರೆದರೂ ಆ ಹೊಳಪಿನ ಬಹುಪಾಲು ಕೆಳಗಿನ ನಿಕಲ್‌ನದು. ಮೇಲಿನ ಕ್ರೋಮ್ ಪದರ ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ಕೆಳಗಿನ ಉಕ್ಕನ್ನು ಚೆನ್ನಾಗಿ ಉಜ್ಜದೆ ಮೇಲೆ ಎಷ್ಟು ಮುಳುಗಿಸಿದರೂ ಗುಳಿ ಗುಳಿಯಾಗಿಯೇ ಕಾಣುತ್ತದೆ. ಹ್ಯಾಂಡಲ್‌ಗಳನ್ನು ಕಳಿಸಲಿಲ್ಲ. ಅವು ಸತುವಿನ ಮಿಶ್ರಲೋಹದ ಎರಕ. ಹಳೇ ಲೇಪ ತೆಗೆಯುವ ಆಮ್ಲ ಎರಕವನ್ನೂ ತಿನ್ನುತ್ತದೆ. ಸ್ವಲ್ಪ ಚುಕ್ಕೆ ಇದ್ದರೂ ಪರವಾಗಿಲ್ಲ ಅಂತ ಪಾಲಿಶ್ ಮಾಡಿ ಇಟ್ಟುಕೊಂಡರು.

ಬಣ್ಣಕ್ಕೆ ಮುಂಚೆಯೇ ಒಂದು ಸಲ ಜೋಡಣೆ

ಪುಟ್ಟಿ, ಪ್ರೈಮರ್ ಮುಗಿದು 400 ನಂಬರ್ ಪೇಪರ್‌ನಲ್ಲಿ ಉಜ್ಜಿದ ಮೇಲೆ ಮೇಸ್ತ್ರಿ ಬಣ್ಣ ಕಲೆಸಲು ತಯಾರಾದರು. ತಾತ ತಡೆದರು. ಬೀಡಿಂಗ್, ಹ್ಯಾಂಡಲ್, ಗ್ರಿಲ್ ಎಲ್ಲ ಒಮ್ಮೆ ಕೂರಿಸಿ ನೋಡೋಣ ಅಂದರು. ಶೆಡ್‌ನ ಹುಡುಗರಿಗೆ ನಗು. ಬಣ್ಣ ಇಲ್ಲದ ಕಾರಿಗೆ ಒಡವೆ ಹಾಕುತ್ತಾರಲ್ಲ ಅಂತ.

ಮುಂದಿನ ಮಡ್‌ಗಾರ್ಡ್‌ನಿಂದ ಹಿಂಬದಿಯವರೆಗೆ ಒಂದು ದಾರ ಬಿಗಿಯಾಗಿ ಕಟ್ಟಿದರು. ಪಟ್ಟಿಗಳನ್ನು ಕೂರಿಸಿದರು. ಬಲಗಡೆ ಸರಿಯಾಗಿತ್ತು. ಎಡಗಡೆ ಹಿಂದಿನ ಬಾಗಿಲ ಪಟ್ಟಿ ದಾರಕ್ಕಿಂತ ಸುಮಾರು ಮೂರು ಮಿ.ಮೀ. ಕೆಳಗೆ. ಹೊಸದಾಗಿ ಕೊರೆದ ತೂತು ತಪ್ಪಾಯಿತೇನೋ ಅಂತ ಎಲ್ಲರೂ ಟಿಂಕರ್ ಕಡೆ ನೋಡಿದರು. ಬಾಗಿಲನ್ನು ತೆರೆದು ಎತ್ತಿದರೆ ಹಿಂಜ್ ಆಡುತ್ತಿತ್ತು. ಪಿನ್ ಸವೆದು ಬಾಗಿಲೇ ಇಳಿದಿತ್ತು, ತೂತು ಸರಿಯಾಗೇ ಇತ್ತು. ಮೊದಲು ಹಾಗೇ ಬಣ್ಣ ಹೊಡೆದಿದ್ದರೆ ಆಮೇಲೆ ಹಿಂಜ್ ಸರಿಮಾಡುವಾಗ ಹೊಸ ಬಣ್ಣದ ಅಂಚು ಚೂರಾಗುತ್ತಿತ್ತು. ಹೊಸ ಪಿನ್ ತಾತನೇ ಲೇತ್ ಹಾಕಿಸಿ ತಂದರು.

ಅದೇ ಬಾಗಿಲಲ್ಲಿ ಪುಟ್ಟಿ ಒಂದು ಕಡೆ ಉಬ್ಬಿತ್ತು. ಕೈಯಾಡಿಸಿದರೆ ತಿಳಿಯದಷ್ಟು ಸಣ್ಣ ಉಬ್ಬು. ಆದರೆ ನೇರವಾದ ಪಟ್ಟಿ ಅದರ ಮೇಲೆ ಕೂತಾಗ ಎರಡೂ ಪಕ್ಕ ಬೆಳಕು ಕಂಡಿತು. ಮೇಸ್ತ್ರಿ ಮಾತಾಡದೆ ಉದ್ದ ಬ್ಲಾಕ್ ತಂದು ಮತ್ತೆ ಉಜ್ಜಲು ಕೂತರು. ಹುಡುಗರ ನಗು ಅಲ್ಲಿಗೆ ನಿಂತಿತು.

ಬಣ್ಣ

ಈ ಭಾಗ ಬೇಗ ಮುಗಿಸುತ್ತೇನೆ, ಪಿಯು (ಪಾಲಿಯುರೆಥೇನ್) ಬಣ್ಣದ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ. ಸಂಕ್ರಾಂತಿ ಕಳೆದ ಮೇಲಿನ ಒಣ ದಿನಗಳು, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ ಹೊಡೆದರು. ಹಿಂದಿನ ಗಾಜಿನ ರಬ್ಬರ್ ತುಟಿಯ ಕೆಳಗೆ ನೈಲಾನ್ ಹಗ್ಗ ತೂರಿಸಿ ಸುತ್ತಲೂ ಎತ್ತಿ ನಿಲ್ಲಿಸಿದ್ದರು. ಹಾಗಾಗಿ ಉಜ್ಜುವ ಪೇಪರ್ರೂ ಬಣ್ಣವೂ ತುಟಿಯ ಅಡಿಗೆ ಹೋಯಿತು. ಹಗ್ಗ ತೆಗೆದ ಮೇಲೆ ರಬ್ಬರ್ ಅಂಚನ್ನು ತಾನೇ ಮುಚ್ಚಿಕೊಂಡಿತು. ಗಾಜು ಬಿಚ್ಚದೆ ಹೊಡೆಯುವವರಿಗೆ ಇದಕ್ಕಿಂತ ಒಳ್ಳೆ ಉಪಾಯ ನಾನು ಕಂಡಿಲ್ಲ.

ಒಂದು ಎಡವಟ್ಟು ಆಯಿತು. ಡಿಕ್ಕಿ ಬಾಗಿಲ ಮೇಲ್ಭಾಗದಲ್ಲಿ, ಅದೇ ರಬ್ಬರ್‌ನ ಹತ್ತಿರ, ಬಣ್ಣ ಬಿದ್ದ ಕೂಡಲೇ ಸಣ್ಣ ಸಣ್ಣ ಕುಳಿ ಎದ್ದವು. ಪೇಂಟರ್‌ಗಳು ಫಿಶ್ ಐ ಅನ್ನುತ್ತಾರೆ. ಕಾರಣ ಸಿಲಿಕಾನ್. ಡ್ಯಾಶ್‌ಬೋರ್ಡ್‌ಗೆ, ರಬ್ಬರ್‌ಗೆ ಮಿಂಚು ಬರಲಿ ಅಂತ ಹೊಡೆಯುವ ಸ್ಪ್ರೇಗಳಲ್ಲಿ ಅದು ಇರುತ್ತದೆ. ವರ್ಷಗಳಿಂದ ಹೊಡೆದದ್ದು ರಬ್ಬರ್‌ನ ಮೈಗೆ ಇಳಿದಿತ್ತು, ಹಗ್ಗ ತೂರಿಸುವಾಗ ತಗಡಿಗೆ ಸವರಿತು. ಅಷ್ಟು ಭಾಗ ಒಣಗಲು ಬಿಟ್ಟು, ಉಜ್ಜಿ, ಗ್ರೀಸ್ ರಿಮೂವರ್‌ನಲ್ಲಿ ಒರೆಸಿ, ಮತ್ತೆ ಹೊಡೆಯಬೇಕಾಯಿತು. ಒರೆಸುವಾಗ ಎರಡು ಬಟ್ಟೆ ಬೇಕು, ಒಂದು ಹಚ್ಚಲು, ಇನ್ನೊಂದು ಆರುವ ಮುಂಚೆ ಎತ್ತಿಕೊಳ್ಳಲು. ಒಂದೇ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಊರೆಲ್ಲಾ ಹರಡುತ್ತದೆ.

ಇನ್ನೊಂದು ಮಾತು. ಪಿಯು ಬಣ್ಣ ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಶ್ವಾಸಕೋಶಕ್ಕೆ ಕೆಟ್ಟದ್ದು, ಒಮ್ಮೆ ಅಲರ್ಜಿ ಹತ್ತಿದರೆ ಬಿಡುವುದಿಲ್ಲ. ಮೇಸ್ತ್ರಿ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಶುರು ಮಾಡುತ್ತಿದ್ದರು. ತಾತ ಕಾರ್ಟ್ರಿಜ್ ಇರುವ ಮಾಸ್ಕ್ ತಂದು ಕೈಗಿಟ್ಟು, ಹಾಕಿಕೊಳ್ಳುವವರೆಗೂ ಅಲ್ಲೇ ನಿಂತಿದ್ದರು. ಹೊರಗಿನ ಶುದ್ಧ ಗಾಳಿಯ ಪೈಪ್ ಇರುವ ಮಾಸ್ಕ್ ಇನ್ನೂ ಒಳ್ಳೆಯದು, ಇಂಥ ಶೆಡ್‌ಗಳಲ್ಲಿ ಅದೆಲ್ಲಿ ಬರಬೇಕು.

ಮರಳಿ ಕೂರಿಸುವುದು

ಬೂತ್‌ನಲ್ಲಿ 60 ಡಿಗ್ರಿ ಬಿಸಿಗೆ ಬೇಯಿಸಿದ ಬಣ್ಣಕ್ಕೆ ಮರುದಿನವೇ ಸಾಮಾನು ಜೋಡಿಸಬಹುದು. ಶೆಡ್‌ನ ಗಾಳಿಗೆ ಒಣಗಿದ್ದು ಮರುದಿನ ಮುಟ್ಟಲು ಗಟ್ಟಿ ಅನ್ನಿಸಿದರೂ ಒಳಗೆ ಮೆತ್ತಗೇ ಇರುತ್ತದೆ. ಕನಿಷ್ಠ ಒಂದು ವಾರ ಕಾಯಬೇಕು. ಅದಕ್ಕೂ ಮುಂಚೆ ರಬ್ಬರ್ ಒತ್ತಿದರೆ ಅಚ್ಚು ಬೀಳುತ್ತದೆ, ಕ್ಲಿಪ್ ತಿರುಗಿದಲ್ಲಿ ಬಣ್ಣ ಮಡಿಸಿಕೊಂಡು ಬರುತ್ತದೆ. ಬಾಗಿಲಿನ ಅಡಿಯಂಚಲ್ಲಿ, ಯಾರಿಗೂ ಕಾಣದ ಕಡೆ, ಉಗುರು ಒತ್ತಿ ನೋಡಿದರೆ ಗೊತ್ತಾಗುತ್ತದೆ. ಗೆರೆ ಉಳಿದರೆ ಇನ್ನೂ ಕಾಯಿರಿ. ಎಲ್ಲ ಶೆಡ್‌ಗಳಲ್ಲೂ ಗಾಡಿ ಬೇಗ ಕಳಿಸುವ ಆತುರ ಇರುತ್ತದೆ, ನಿಂತ ಗಾಡಿ ಜಾಗ ತಿನ್ನುತ್ತದಲ್ಲ. ತಾತ ಬರೀ ಬಣ್ಣದ ಕಾರನ್ನು ಮನೆಗೆ ಎಳೆಸಿಕೊಂಡು ಹೋದರು. ಜೋಡಣೆ ಮತ್ತೀಕೆರೆಯ ಮನೆಯ ಮುಂದೆ ನಡೆಯಿತು.

ಕ್ಲಿಪ್‌ಗಳನ್ನು ತಗಡಿಗೆ ಹಾಕುವಾಗ ತೂತಿನ ಸುತ್ತ ಸ್ವಲ್ಪ ಸೀಲೆಂಟ್. ಇಲ್ಲಿ ಬಾತ್‌ರೂಮ್‌ಗೆ ಬಳಸುವ, ವಿನೆಗರ್ ವಾಸನೆಯ ಸಿಲಿಕಾನ್ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ನಮೂನೆ ಅಥವಾ ಗಾಜಿಗೆ ಬಳಸುವ ಕಪ್ಪು ಬ್ಯೂಟೈಲ್ ರಬ್ಬರ್ ಅಂಟು ಆಗಬೇಕು. ಮೊದಲು ತುದಿಯ ಬೋಲ್ಟ್‌ಗಳನ್ನು ಸಡಿಲವಾಗಿ ಹಾಕಿ, ಪಟ್ಟಿಯನ್ನು ಅಂಗೈಯಲ್ಲಿ ಒತ್ತುತ್ತಾ ಬಂದು, ಕೊನೆಗೆ ನಟ್ಟು ಬಿಗಿ ಮಾಡಿದರು. ರಬ್ಬರ್ ಸುತ್ತಿಗೆ ಮುಟ್ಟಲಿಲ್ಲ. ಹ್ಯಾಂಡಲ್‌ಗಳ ಅಡಿಗೆ ಹೊಸ ರಬ್ಬರ್ ಶೀಟಿನಲ್ಲಿ ಪ್ಯಾಡ್ ಕತ್ತರಿಸಿದರು. ಹಳೇ ಹ್ಯಾಂಡಲ್ ಅನ್ನು ಶೀಟಿನ ಮೇಲಿಟ್ಟು ಗೆರೆ ಎಳೆದು, ಗೆರೆಗಿಂತ ಒಂದು ಕೂದಲು ಒಳಗೆ.

ಮುಂದಿನ ಗಾಜಿಗೆ ಮಾತ್ರ ಹೊಸ ರಬ್ಬರ್ ಬೇಕಾಯಿತು. ಹಲವು ಅಂಗಡಿ ಸುತ್ತಿ, ಮೂಲೆಯ ತಿರುವು ನೋಡಿ ಆರಿಸಿದ್ದು. ಬಿಸಿಲಲ್ಲಿ ಹಾಸಿ ಮೆತ್ತಗೆ ಮಾಡಿ, ಗಾಜಿಗೆ ಸುತ್ತಿದರು. ಒಳ ಸಂದಿಗೆ ಹುರಿ ಹಾಕಿ, ತುದಿಗಳನ್ನು ಕಾರಿನೊಳಗೆ ಬಿಟ್ಟರು. ಹೊರಗೆ ಒಬ್ಬರು ಗಾಜನ್ನು ಅಂಗೈಯಲ್ಲಿ ತಟ್ಟುತ್ತಾ ಒತ್ತಬೇಕು, ಒಳಗೆ ಇನ್ನೊಬ್ಬರು ಹುರಿಯನ್ನು ನಿಧಾನಕ್ಕೆ ಎಳೆಯಬೇಕು. ಹುರಿ ಬಂದಂತೆ ರಬ್ಬರ್‌ನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಬರುತ್ತದೆ. ಜಾರಲು ಸೋಪು ನೀರು. ಅವಸರ ಮಾಡಿದರೆ ಹುರಿ ರಬ್ಬರನ್ನೇ ಸೀಳುತ್ತದೆ.

ಡಿಕ್ಕಿಯ ಮಾನೋಗ್ರಾಮ್ ಬಿಚ್ಚುವಾಗಲೇ ಅದರ ಒಂದು ಪಿನ್ ಮುರಿದಿತ್ತು. ಶಿವಾಜಿನಗರದ ಗುಜರಿಯಲ್ಲಿ ಹುಡುಕಿದ್ದಾಯಿತು. ಸಿಕ್ಕಿದ್ದು ಇದಕ್ಕಿಂತ ಹಾಳಾಗಿತ್ತು. ಮುರಿದ ಪಿನ್ನಿನ ತೂತನ್ನು ಮುಚ್ಚಿಸಿ, ಉಳಿದ ಪಿನ್‌ಗಳ ಜೊತೆಗೆ ಆ ತುದಿಗೆ ಎರಡೂ ಕಡೆ ಅಂಟುವ ಫೋಮ್ ಟೇಪ್ ಹಾಕಿದರು. ಈ ಟೇಪ್‌ಗೆ ಪೂರ್ತಿ ಹಿಡಿತ ಬರಲು ಸುಮಾರು ಮೂರು ದಿನ ಬೇಕು, ಅಲ್ಲಿಯವರೆಗೆ ಕಾರು ತೊಳೆಯಬಾರದು. ಜಾಗ ತಪ್ಪದಿರಲಿ ಅಂತ ಬಿಚ್ಚುವ ಮುಂಚೆಯೇ ಬಟರ್ ಪೇಪರ್ ಮೇಲೆ ಅಕ್ಷರಗಳ ಅಂಚು, ಡಿಕ್ಕಿಯ ಅಂಚು ಎರಡನ್ನೂ ಗೀಚಿಟ್ಟಿದ್ದರು.

ಮಳೆ ಬಂದ ಮೇಲೆ

ಏಪ್ರಿಲ್‌ನಲ್ಲಿ ಸಂಜೆ ಮಳೆ ಶುರುವಾಯಿತು. ಮುಂದಿನ ಗಾಜು ಸೋರಲಿಲ್ಲ. ಬೀಡಿಂಗ್ ಸಾಲು ಒಣಗೇ ಇತ್ತು. ಆದರೆ ಎಡಗಡೆ ಹಿಂದಿನ ಬಾಗಿಲು ತೆಗೆದರೆ ಒಳಗೆ ನೀರು ಕುಲುಕುವ ಸದ್ದು. ಕ್ಲಿಪ್ಪಿನ ತೂತಿನಿಂದಲೇ ಹೋಗಿರಬೇಕು ಅಂತ ಪ್ಯಾಡ್ ಬಿಚ್ಚಿ, ಕ್ಲಿಪ್‌ಗಳ ಕೆಳಗೆ ಟಾಲ್ಕಂ ಪೌಡರ್ ಉದುರಿಸಿ, ಹೊರಗಿನಿಂದ ನೀರು ಬಿಟ್ಟು ನೋಡಿದರು. ಪೌಡರ್‌ನಲ್ಲಿ ಒಂದು ಗೆರೆಯೂ ಬೀಳಲಿಲ್ಲ. ಏರಿಳಿಯುವ ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಯಾವ ಕಾರಿನಲ್ಲಾದರೂ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಬಾಗಿಲಿನ ಅಡಿಯಲ್ಲಿ ಸಣ್ಣ ಕಂಡಿಗಳಿರುತ್ತವೆ. ಈ ಬಾಗಿಲಲ್ಲಿ ಪುಟ್ಟಿ ಜಾಸ್ತಿ ಹೋಗಿತ್ತಲ್ಲ, ಅದೂ ಪ್ರೈಮರ್ರೂ ಸೇರಿ ಕಂಡಿಗಳು ಮುಚ್ಚಿಹೋಗಿದ್ದವು. ಸೈಕಲ್ ಕಡ್ಡಿಯಲ್ಲಿ ಚುಚ್ಚಿ ತೆಗೆದು, ಅಂಚಿಗೆ ಪ್ರೈಮರ್ ಹಚ್ಚಿ, ಒಳಗೆ ಮೇಣದ ಸ್ಪ್ರೇ ಹೊಡೆದರು. ಉಳಿದ ಮೂರು ಬಾಗಿಲುಗಳ ಕಂಡಿಗಳನ್ನೂ ಅದೇ ದಿನ ನೋಡಿದರು, ಅವು ತೆರೆದೇ ಇದ್ದವು.

ಬಾಕಿ ಇರುವುದು ಮುಂದಿನ ಬಾಗಿಲುಗಳ ತ್ರಿಕೋನ ಗಾಜಿನ ಸುತ್ತು. ಅಲ್ಲಿ ಈ ಸಲವೂ ಟೇಪ್ ಹಚ್ಚಿಯೇ ಹೊಡೆದದ್ದು. ಬಲಗಡೆ ಕೆಳಮೂಲೆಯಲ್ಲಿ ಬಣ್ಣದ ಅಂಚು ಈಗಲೇ ಕೂದಲೆಳೆಯಷ್ಟು ಎದ್ದಿದೆ. ರಬ್ಬರ್ ಸಿಕ್ಕ ದಿನ ಅದನ್ನೂ ಬಿಚ್ಚಿ ಮಾಡಿಕೊಡುವುದಾಗಿ ಮೇಸ್ತ್ರಿ ಒಪ್ಪಿದ್ದಾರೆ, ಕೂಲಿ ಬೇರೆ.